ಬೇಬಾಕಿ ಪತ್ರ ಕೈಗೆ ಬರುವ ತನಕ

ಹೋದ ತಿಂಗಳು ಒಂದು ಸಂಜೆ ನಮ್ಮ ಅರಭಾವಿಯ ಹುಡುಗನೊಬ್ಬ ಮನೆಗೆ ಬಂದ. ಅವನ ಅಪ್ಪ ನನ್ನ ವಿದ್ಯಾರ್ಥಿ. ಹುಡುಗ ಇಂಜಿನಿಯರಿಂಗ್ ಮುಗಿಸಿ ಒಂದೂವರೆ ವರ್ಷ ಆಯಿತು. ಕೈಯಲ್ಲಿ ಬ್ಯಾಂಕಿನ ನೋಟಿಸು, ನಾಲ್ಕು ಮಡಿಕೆ ಮಾಡಿದ್ದು. ಕಟ್ಟೆಯ ಮೇಲೆ ಕೂತ, ನೀರು ಕುಡಿದ, ಆಮೇಲೆ ಕೇಳಿದ:

“ಅಜ್ಜಾರ, ರೈತರ ಸಾಲ ಎರಡ್ಮೂರು ಸಲ ಮನ್ನಾ ಆಗೇತಿ. ನಮ್ಮ ಓದಿನ ಸಾಲಾನೂ ಒಂದಿಲ್ಲ ಒಂದ ದಿನಾ ಮನ್ನಾ ಆಗತೈತಲ್ರಿ? ಅಲ್ಲೀ ತನಕಾ ಸುಮ್ನ ಇರ್ಲೇನು?”

ಈ ಪ್ರಶ್ನೆಯನ್ನು ಅವನೊಬ್ಬನೇ ಕೇಳುತ್ತಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೂತಿದ್ದಾರೆ. ಹಾಗಾಗಿ ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮನೆಯ ಹಿರಿಯ ಹೇಳಿದ ಎಂದು ತಿಳಿದು ಕೇಳಿ.

ಮನ್ನಾ ಆದ ಸಾಲಗಳು ಯಾವುವು, ಮೊದಲು ನೋಡೋಣ. 2008ರಲ್ಲಿ ಕೇಂದ್ರ ಸರಕಾರ ಮಾಡಿದ್ದು ಕೃಷಿ ಸಾಲದ ಮನ್ನಾ. 2017ರಲ್ಲಿ ಸಿದ್ದರಾಮಯ್ಯನವರ ಸರಕಾರ 50 ಸಾವಿರ ರೂಪಾಯಿವರೆಗೆ ಮನ್ನಾ ಮಾಡಿದ್ದು ಸಹಕಾರ ಸಂಘಗಳ ಅಲ್ಪಾವಧಿ ಬೆಳೆಸಾಲ. 2018ರಲ್ಲಿ ಕುಮಾರಸ್ವಾಮಿಯವರು 2 ಲಕ್ಷದವರೆಗೆ ಘೋಷಿಸಿದ್ದೂ ಬೆಳೆಸಾಲವೇ. ಈ ಯಾವ ಆದೇಶದಲ್ಲೂ ವಿದ್ಯಾಭ್ಯಾಸದ ಸಾಲದ ಮಾತಿಲ್ಲ. ಮಳೆ ಕೈಕೊಟ್ಟರೆ, ಹೊಳೆ ಉಕ್ಕಿದರೆ ಬೆಳೆ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕದೊಳಗೇ ನುಗ್ಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ಕಷ್ಟಕ್ಕೆಂದು ಮಾಡಿದ ಮನ್ನಾವನ್ನು ನಂಬಿ ಓದಿನ ಸಾಲವನ್ನು ಬಿಟ್ಟು ಕೂರಬೇಡಿ.

ಮೊಬೈಲಿನಲ್ಲಿ ಹೊರದೇಶದ ಸುದ್ದಿ ನೋಡಿದವರೂ ಇದ್ದಾರೆ. ಇಂಗ್ಲೆಂಡಿನಲ್ಲಿ 2012ರ ನಂತರ ಸೇರಿದ ವಿದ್ಯಾರ್ಥಿಗಳ ಉಳಿದ ಸಾಲ 30 ವರ್ಷಕ್ಕೆ ರದ್ದಾಗುತ್ತದೆ, 2023ರ ಆಗಸ್ಟ್‌ನಿಂದ ಸೇರಿದವರಿಗೆ 40 ವರ್ಷ. ಅಲ್ಲಿ ಸಂಬಳ ಒಂದು ಮಟ್ಟ ದಾಟಿದರೆ ಮಾತ್ರ ಕಂತು ಹಿಡಿಯುತ್ತಾರೆ. ಅಮೆರಿಕದಲ್ಲಿ ಸರಕಾರಿ ಸೇವೆಯಲ್ಲಿದ್ದು 120 ಕಂತು ಕಟ್ಟಿದವರ ಉಳಿದ ಸಾಲ ಬಿಡುವ ಕಾನೂನು 2007ರಿಂದ ಇದೆ. ಅದೇ ಅಮೆರಿಕದಲ್ಲಿ ಅಧ್ಯಕ್ಷ ಬೈಡನ್ ಬಹುಪಾಲು ಸಾಲಗಾರರಿಗೆ ಒಂದಿಷ್ಟು ಮನ್ನಾ ಮಾಡಲು ಹೊರಟಾಗ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಅಲ್ಲಿ ಸಾಲ ಕೊಡುವುದು ಸರಕಾರ. ನಮ್ಮಲ್ಲಿ ಕೊಡುವುದು ಬ್ಯಾಂಕು. ಇಷ್ಟು ವರ್ಷ ಕಳೆದರೆ ಉಳಿದದ್ದು ರದ್ದು ಎಂಬ ನಿಯಮ ನಮ್ಮ ಬ್ಯಾಂಕ್ ಸಾಲಕ್ಕಿಲ್ಲ.

ನಮ್ಮ ದೇಶದಲ್ಲಿ ಅಂಥದ್ದು ಒಂದು ಕಾಲಕ್ಕೆ ಇತ್ತು. ನಾನೇ ಅದರ ಫಲಾನುಭವಿ. ಕೇಂದ್ರ ಸರಕಾರ 1963ರಲ್ಲಿ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಎಂಬ ಯೋಜನೆ ತಂದಿತು. ಬಡ್ಡಿಯಿಲ್ಲದ ಸಾಲ. ಓದಿದವ ಶಿಕ್ಷಕನಾದರೆ ಸೇವೆಯ ಪ್ರತಿ ವರ್ಷಕ್ಕೆ ಸಾಲದ ಹತ್ತನೇ ಒಂದು ಭಾಗ ಬಿಟ್ಟುಬಿಡುತ್ತಿದ್ದರು. ನಾನು 70ರ ದಶಕದ ಆರಂಭದಲ್ಲಿ ಧಾರವಾಡದಲ್ಲಿ ಓದಿದ್ದು ಆ ಹಣದಲ್ಲಿ. ನನ್ನ ಹೆಸರಿಗೆ ಎರಡು ಸಾವಿರ ಚಿಲ್ಲರೆ ಸಾಲ ಇತ್ತು. ಅಪ್ಪನಿಗೆ ಆಗ ಅದು ಬೆಟ್ಟದಷ್ಟು. ಹೈಸ್ಕೂಲ್ ಮಾಸ್ತರನಾದ ಮೇಲೆ ಪ್ರತಿ ವರ್ಷ ಹೆಡ್‌ಮಾಸ್ತರರಿಂದ ಸೇವಾ ಪ್ರಮಾಣಪತ್ರ ಬರೆಸಿ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ಆ ಅಂಚೆಯ ಚೀಟಿಯನ್ನು ಅವ್ವನ ಟ್ರಂಕಿನಲ್ಲಿ ಇಡುತ್ತಿದ್ದೆ. ಹತ್ತು ವರ್ಷ, ಹತ್ತು ಚೀಟಿ. ಒಂದು ವರ್ಷ ಕಳಿಸಿದ ಪತ್ರ ಅವರಿಗೆ ಮುಟ್ಟದೆ, ಇಡೀ ಬಾಕಿ ಕಟ್ಟು ಎಂದು ಕಾಗದ ಬಂತು. ಆಗ ಕೈಹಿಡಿದದ್ದು ಟ್ರಂಕಿನೊಳಗಿನ ಚೀಟಿಗಳೇ. ಆ ಯೋಜನೆ ಈಗ ಇಲ್ಲ. ಆದರೆ ಸರಕಾರ ಬಿಟ್ಟುಕೊಡುವ ಹಣವೂ ಕಾಗದ ಸರಿಯಿದ್ದವನಿಗೇ ಸಿಗುತ್ತದೆ ಎಂಬುದನ್ನು ನಾನು ಅಲ್ಲಿಯೇ ಕಲಿತೆ.

ಈಗಲೂ ಬಿಡುವಂಥದ್ದು ಒಂದಿದೆ, ಬಹಳ ಮಂದಿ ಅದನ್ನೇ ಬಿಟ್ಟುಕೊಡುತ್ತಾರೆ. ಅಸಲು ಬಿಡುವುದಿಲ್ಲ, ಬಡ್ಡಿ ಬಿಡುತ್ತಾರೆ. ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸು ಓದುತ್ತಿದ್ದರೆ, ಓದುವ ಅವಧಿ ಮತ್ತು ಅದರ ಮೇಲೆ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರಕಾರ ತುಂಬುತ್ತದೆ. 2009ರಿಂದ ಇರುವ ಯೋಜನೆ ಇದು, ಕೆನರಾ ಬ್ಯಾಂಕ್ ಇದರ ನೋಡಲ್ ಬ್ಯಾಂಕು. 2024ರ ನವೆಂಬರ್‌ನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಬಂತು: ಪಟ್ಟಿಯಲ್ಲಿರುವ ಉನ್ನತ ದರ್ಜೆಯ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ, 8 ಲಕ್ಷದೊಳಗಿನ ಆದಾಯದ ಮನೆಯ ಮಕ್ಕಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ. ಆದರೆ ಆದಾಯ ಪ್ರಮಾಣಪತ್ರ ಕೊಡದೆ ಇದ್ದರೆ, ಕೊಟ್ಟದ್ದು ಬ್ಯಾಂಕಿನ ಕಡತದಲ್ಲೇ ಉಳಿದರೆ, ಹಣ ಬರುವುದಿಲ್ಲ. ನಾಡಕಚೇರಿಯಲ್ಲಿ ಪ್ರಮಾಣಪತ್ರ ಮಾಡಿಸಿ, ಬ್ಯಾಂಕಿಗೆ ಕೊಡುವಾಗ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಿಕ್ಕಾ ಹಾಕಿಸಿಕೊಳ್ಳಿ. ಸಬ್ಸಿಡಿ ಜಮಾ ಆಯಿತೇ ಎಂದು ವರ್ಷಕ್ಕೊಮ್ಮೆ ಪಾಸ್‌ಬುಕ್ಕಿನಲ್ಲಿ ನೋಡಿ. ಇನ್ನೂ ಓದುತ್ತಿರುವ ತಂಗಿ ತಮ್ಮಂದಿರಿದ್ದರೆ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ನಿಗಮಗಳ ‘ಅರಿವು’ ಸಾಲವನ್ನೂ ವಿಚಾರಿಸಿ. ಅದರ ಬಡ್ಡಿ ಶೇ 2 ಮಾತ್ರ.

ಇನ್ನು ಬಡ್ಡಿಯ ಲೆಕ್ಕ. ನಾನು ಗಣಿತದ ಮಾಸ್ತರ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷಕ್ಕೆ 4 ಲಕ್ಷ ತೆಗೆದಿರಿ ಎನ್ನಿ, ಬಡ್ಡಿ ಶೇ 10. ಓದು ನಾಲ್ಕು ವರ್ಷ, ಆಮೇಲೆ ಬಿಡುವು ಒಂದು ವರ್ಷ. ಈ ಐದು ವರ್ಷ ಯಾರೂ ನಿಮ್ಮನ್ನು ಕೇಳುವುದಿಲ್ಲ, ಆದರೆ ಸರಳ ಬಡ್ಡಿ ನಡೆಯುತ್ತಲೇ ಇರುತ್ತದೆ. ಸಬ್ಸಿಡಿ ಇಲ್ಲದಿದ್ದರೆ ಅದು 1 ಲಕ್ಷ 40 ಸಾವಿರ ಆಗುತ್ತದೆ. ಮೊದಲ ಕಂತಿನ ದಿನ ನಿಮ್ಮ ಸಾಲ 5 ಲಕ್ಷ 40 ಸಾವಿರ. ಹತ್ತು ವರ್ಷದ ಅವಧಿಗೆ ತಿಂಗಳಿಗೆ ಸುಮಾರು 7,136 ರೂಪಾಯಿ. ಆ ಮೊದಲ ಕಂತಿನಲ್ಲಿ 4,500 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 2,636. ಕೊನೆಗೆ ಕಟ್ಟಿದ ಒಟ್ಟು ಮೊತ್ತ ಎಂಟೂವರೆ ಲಕ್ಷ ದಾಟುತ್ತದೆ. ಕಂತು ಭಾರ ಎಂದು ಹದಿನೈದು ವರ್ಷ ಮಾಡಿಸಿಕೊಂಡರೆ ತಿಂಗಳಿಗೆ 5,800ರ ಆಸುಪಾಸು ಬರುತ್ತದೆ, ಆದರೆ ಒಟ್ಟು ಹತ್ತು ಲಕ್ಷದ ಮೇಲೆ.

ಅದೇ ಐದು ವರ್ಷದ ಬಡ್ಡಿಯನ್ನು ಆಯಾ ತಿಂಗಳೇ ಕಟ್ಟುತ್ತ ಹೋದರೆ? ಮೊದಲ ವರ್ಷ ತಿಂಗಳಿಗೆ 833 ರೂಪಾಯಿ. ಕೊನೆಗೆ 3,333ಕ್ಕೆ ಏರುತ್ತದೆ. ಆಗ ಕಂತು ಶುರುವಾಗುವುದು 4 ಲಕ್ಷದ ಮೇಲೆಯೇ, ತಿಂಗಳಿಗೆ ಸುಮಾರು 5,286. ಕಟ್ಟಿದ ಬಡ್ಡಿಯನ್ನೂ ಕೂಡಿಸಿ ನೋಡಿ, ಎಂಬತ್ತು ಸಾವಿರಕ್ಕಿಂತ ಹೆಚ್ಚು ಉಳಿಯುತ್ತದೆ. ಹೀಗೆ ಕಟ್ಟಿದವರಿಗೆ ಬಡ್ಡಿ ದರದಲ್ಲಿ ಶೇ 1 ಕಡಿಮೆ ಮಾಡುವ ಬ್ಯಾಂಕುಗಳೂ ಇವೆ, ಕೇಳಬೇಕು. ಬಾಯಿ ಬಿಟ್ಟು ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ನಮ್ಮ ಕಡೆ ಕಬ್ಬಿನ ಬಿಲ್ ಬಂದಾಗ ಅಪ್ಪಂದಿರು ಒಮ್ಮೆಲೆ ಇಪ್ಪತ್ತೋ ಮೂವತ್ತೋ ಸಾವಿರ ಮಗನ ಸಾಲಕ್ಕೆ ತುಂಬುತ್ತಾರೆ. ಒಳ್ಳೆಯ ಕೆಲಸ. ಆದರೆ ಅದು ಮುಂದಿನ ಕಂತುಗಳ ಮುಂಗಡವಾಗಿ ಕೂರದೆ ಅಸಲಿಗೆ ಇಳಿಯಬೇಕು. ‘ಈ ಹಣವನ್ನು ಅಸಲಿಗೆ ಜಮಾ ಮಾಡಿ’ ಎಂದು ಎರಡು ಸಾಲು ಬರೆದುಕೊಡಿ. ಮುಂಚಿತವಾಗಿ ತೀರಿಸಿದರೆ ದಂಡ ಹಾಕಬಾರದು ಎಂದು ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲೇ ಇದೆ.

ಆ ಸಂಜೆ ಹುಡುಗ ತಂದಿದ್ದ ನೋಟಿಸನ್ನು ಬಿಡಿಸಿ ನೋಡಿದೆ. ಮೇಲೆ ಅವನ ಹೆಸರು, ಕೆಳಗೆ ಅವನ ಅಪ್ಪನ ಹೆಸರು, ಪಕ್ಕದಲ್ಲಿ ‘ಸಹ-ಸಾಲಗಾರ’ ಎಂದು ಅಚ್ಚಾಗಿತ್ತು. ಹುಡುಗ ಆ ಸಾಲನ್ನು ಓದಿಯೇ ಇರಲಿಲ್ಲ. ನಾಲ್ಕು ಲಕ್ಷದೊಳಗಿನ ಸಾಲಕ್ಕೆ ಜಾಮೀನು ಬೇಡ, ಏಳೂವರೆ ಲಕ್ಷದವರೆಗೆ ಆಸ್ತಿ ಅಡವು ಬೇಡ ಎಂಬುದು ನಿಜ. ಆದರೆ ಅಪ್ಪನೋ ಅವ್ವನೋ ಸಹಿ ಹಾಕಿಯೇ ಇರುತ್ತಾರೆ. ತೊಂಬತ್ತು ದಿನ ಕಂತು ನಿಂತರೆ ಖಾತೆ ಕಟಬಾಕಿಗೆ ಬೀಳುತ್ತದೆ, ಬ್ಯಾಂಕಿನವರ ಭಾಷೆಯಲ್ಲಿ ಎನ್‌ಪಿಎ. ಆಗ ಸಿಬಿಲ್, ಅಂದರೆ ಸಾಲ ತೀರಿಸಿದ ದಾಖಲೆ, ಕೆಡುವುದು ನಿಮ್ಮೊಬ್ಬರದಲ್ಲ. ಅಪ್ಪ ಬೋರ್‌ವೆಲ್ ಮೋಟಾರಿಗೋ ಟ್ರ್ಯಾಕ್ಟರಿಗೋ ಸಾಲ ಕೇಳಲು ಹೋದಾಗ ಕೌಂಟರಿನ ಆಚೆಯಿಂದ ‘ನಿಮ್ಮ ಮಗಂದು ಬಾಕಿ ಐತ್ರಿ’ ಎನ್ನುತ್ತಾರೆ. ಊರ ನಾಲ್ಕು ಜನರ ನಡುವೆ ಆ ಮಾತು ಕೇಳಿಸಿಕೊಂಡ ತಂದೆಯ ಮುಖ ನಾನು ನೋಡಿದ್ದೇನೆ. ಮಗ ಪುಣೆಯಲ್ಲಿದ್ದ, ಅವನಿಗೆ ಗೊತ್ತೇ ಇರಲಿಲ್ಲ.

ಕೆಲಸ ಸಿಗದೆ ಕಂತು ಕಟ್ಟಲಾಗದಿದ್ದರೆ ಅದು ಅಪರಾಧ ಅಲ್ಲ. ಮುಚ್ಚಿಡುವುದು ತಪ್ಪು. ಮೊದಲ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ. ಕೆಲಸ ಇಲ್ಲದ ಅವಧಿಗೆ, ಕಡಿಮೆ ಸಂಬಳದ ಅವಧಿಗೆ ಬಿಡುವು ಕೊಡುವ ಅವಕಾಶ ಆ ಮಾದರಿ ಯೋಜನೆಯಲ್ಲಿದೆ. ಕೊಡುವುದು ಬಿಡುವುದು ಬ್ಯಾಂಕಿನ ವಿವೇಚನೆ, ಆದರೆ ಕಟಬಾಕಿ ಆಗುವ ಮೊದಲು ಬಂದವನ ಅರ್ಜಿಗೆ ತೂಕ ಬೇರೆ. ಒಂದು ಎಚ್ಚರ: ಬಿಡುವು ಎಂದರೆ ಮನ್ನಾ ಅಲ್ಲ. ಕೊರೋನಾ ಕಾಲದಲ್ಲಿ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತಿಗೆ ವಿನಾಯಿತಿ ಕೊಟ್ಟಾಗ, ಆರು ತಿಂಗಳ ಸಾಲವೇ ಹೋಯಿತು ಎಂದು ನಂಬಿ ಸಂತೋಷಪಟ್ಟವರು ನಮ್ಮೂರಲ್ಲೇ ಇದ್ದರು. ಆ ತಿಂಗಳುಗಳ ಬಡ್ಡಿ ಸಾಲಕ್ಕೆ ಸೇರಿತ್ತು.

ಕಂತಿಗಾಗಿ ಅವ್ವನ ಹೆಸರಲ್ಲಿ ವಾರದ ಬಡ್ಡಿಯ ಸಂಘದ ಸಾಲ ತೆಗೆಸಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಶೇ 10ರ ಸಾಲ ತೀರಿಸಲು ಅದರ ಎರಡು ಪಟ್ಟು ಬಡ್ಡಿಯ ಸಾಲ ತಂದು, ಅವ್ವ ವಾರ ವಾರ ಮಂದಿ ಎದುರು ತಲೆತಗ್ಗಿಸಿ ಕೂರುವುದು ಬೇಡ.

ಮನ್ನಾ ಎಂದೇ ಕೇಳಿಸುವ ‘ರೈಟ್-ಆಫ್’ ಎಂಬ ಶಬ್ದವನ್ನೂ ಕೇಳಿದ್ದೀರಿ. ಬ್ಯಾಂಕು ತನ್ನ ಲೆಕ್ಕದ ಪುಸ್ತಕ ಸರಿಪಡಿಸಿಕೊಳ್ಳಲು ಹಳೆಯ ಕಟಬಾಕಿಯನ್ನು ತೆಗೆದಿಡುತ್ತದೆ, ನಿಮ್ಮ ಮೇಲಿನ ಸಾಲ ಹಾಗೆಯೇ ಇರುತ್ತದೆ, ವಸೂಲಿಯೂ ನಡೆಯುತ್ತದೆ. ಲೋಕ ಅದಾಲತ್‌ನಲ್ಲಿ ಒಂದೇ ಗಂಟಿನಲ್ಲಿ ತೀರಿಸಿ ಬಡ್ಡಿ ಬಿಡಿಸಿಕೊಳ್ಳುವ ಒಪ್ಪಂದ ಬೇರೆ. ನಿಜಕ್ಕೂ ದಾರಿ ಇಲ್ಲದ ಮನೆಗೆ ಅದು ಆಸರೆ. ಆದರೆ ಸಿಬಿಲ್‌ನಲ್ಲಿ ‘ಕ್ಲೋಸ್ಡ್’ ಎಂದು ಬರದೆ ‘ಸೆಟಲ್ಡ್’ ಎಂದು ಬರುತ್ತದೆ, ಮುಂದೆ ಮನೆ ಸಾಲ ಕೇಳುವಾಗ ಅದು ಅಡ್ಡ ಬರುತ್ತದೆ. ಕಟ್ಟುವ ಶಕ್ತಿ ಇದ್ದವರು ಆ ದಾರಿ ಹಿಡಿಯಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹೇಳಲು ಮನಸ್ಸಿಗೆ ಕಷ್ಟ, ಆದರೂ ಹೇಳಬೇಕು. ಇಂಗ್ಲೆಂಡಿನಲ್ಲಿ ಸಾಲಗಾರ ತೀರಿಕೊಂಡರೆ ಓದಿನ ಸಾಲ ರದ್ದಾಗುತ್ತದೆ. ಇಲ್ಲಿ ಸಾಲಕ್ಕೆ ವಿಮೆ ಮಾಡಿಸದಿದ್ದರೆ ಅದು ಸಹಿ ಹಾಕಿದ ಅಪ್ಪ ಅವ್ವನ ಹೆಗಲಿಗೇ ಬರುತ್ತದೆ. ವಿಮೆಯ ಹಣ ದಂಡ ಎನ್ನಬೇಡಿ.

ವಸೂಲಿಗೆ ಬಂದವರಿಗೂ ನಿಯಮವಿದೆ. ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡಿ ಪೀಡಿಸುವಂತಿಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ.

ಕೊನೆಯ ಕಂತು ಕಟ್ಟಿದ ದಿನ, ಸಾಲ ಪೂರ್ತಿ ತೀರಿತು ಎಂದು ಬರೆದುಕೊಡುವ ಬೇಬಾಕಿ ಪತ್ರ ತೆಗೆದುಕೊಳ್ಳದೆ ಬ್ಯಾಂಕಿನಿಂದ ಎದ್ದು ಬರಬೇಡಿ. ಆಸ್ತಿ ಅಡವಿಟ್ಟಿದ್ದರೆ ಮೂಲ ಕಾಗದಗಳನ್ನು 30 ದಿನದೊಳಗೆ ಮರಳಿಸಬೇಕು, ತಡವಾದರೆ ದಿನಕ್ಕೆ 5 ಸಾವಿರ ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲೇ ಹೇಳಿದೆ.

ಆ ಹುಡುಗನಿಗೆ ಅವತ್ತು ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ದೀಪ ಹಚ್ಚುವ ವೇಳೆಯಾಗಿತ್ತು. ಮುಂದಿನ ಸೋಮವಾರ ಅವನೂ ಅವನ ಅಪ್ಪನೂ ನಾನೂ ಕೂಡಿ ಬ್ಯಾಂಕಿಗೆ ಹೋದೆವು. ಎರಡು ತಿಂಗಳ ಬಾಕಿಯನ್ನು ಅವನ ಅಪ್ಪ ಅಲ್ಲೇ ತುಂಬಿದರು, ಮುಂದಿನ ಬಿಡುವಿಗೆ ಅರ್ಜಿ ಕೊಟ್ಟೆವು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ನೋಟಿಸು ಮಡಿಚಿಟ್ಟಿದ್ದರೆ, ಇವತ್ತೇ ಬಿಡಿಸಿ ಅಪ್ಪನ ಮುಂದೆ ಓದಿ. ನಾಳೆ ಇಬ್ಬರೂ ಕೂಡಿ ಬ್ಯಾಂಕಿಗೆ ಹೋಗಿ ಬನ್ನಿ.