ಚೆಂಡು ಬರುವ ಮೊದಲೇ ತಲೆಯೆತ್ತಿ ನೋಡು

ಮಕ್ಕಳೇ, ಗೂಡಲೂರಿನಲ್ಲಿ ಜೂನ್ ಮಳೆ ಹಿಡಿದರೆ ಮೈದಾನ ಗದ್ದೆಯಾಗುತ್ತದೆ. ಊಟಿಯಲ್ಲಿ ಮಂಜು ಇಳಿದರೆ ಎದುರಿನ ಗೋಲಿನ ಕಂಬವೂ ಕಾಣುವುದಿಲ್ಲ. ಆ ಮಂಜಿನಲ್ಲೂ ನೀವು ಆಡುವುದನ್ನು ಕಂಡಿದ್ದೇನೆ. ಚೆಂಡು ಕಣ್ಣಿಗೆ ಬೀಳುವ ಮೊದಲು ಒದ್ದ ಸದ್ದು ಕಿವಿಗೆ ಬೀಳುತ್ತದೆ. ಆ ಸದ್ದಿಗೇ ನಿಮ್ಮ ಕಾಲು ತಿರುಗುತ್ತದೆ. ನನಗೂ ಆಟದ ಹುಚ್ಚು ಹಿಡಿದದ್ದು ಹೀಗೆಯೇ. ಈಗ ನನ್ನ ಮೊಣಕಾಲು ಮಾತು ಕೇಳುವುದಿಲ್ಲ. ಮೈದಾನದ ಅಂಚಿನ ಕಲ್ಲಿನ ಮೇಲೆ ಕೂತು ನೋಡುವವನು ಹೇಳುವ ನಾಲ್ಕು ಮಾತಿಗೆ ಕಿವಿಗೊಡಿ.

ನಾನು ಫಾರ್ವರ್ಡ್ ಆಡುತ್ತಿದ್ದೆ. ಫಾರ್ವರ್ಡ್ ಎಂದರೆ ಗೋಲು ಹೊಡೆಯುವವನು ಎಂದು ಊರೆಲ್ಲ ತಿಳಿದಿದೆ. ಅದಕ್ಕೂ ಮೊದಲಿನ ಕೆಲಸ, ಬಂದ ಪಾಸನ್ನು ಬರಮಾಡಿಕೊಳ್ಳುವುದು. ಡಿಫೆಂಡರ್‌ನ ಉಸಿರು ಕತ್ತಿಗೆ ತಾಗುತ್ತಿರುತ್ತದೆ. ಚೆಂಡು ಪಾದದ ಒಳಬದಿಗೆ ಮುಟ್ಟುವ ಗಳಿಗೆಯಲ್ಲಿ ಕಾಲನ್ನು ಒಂದಿಷ್ಟು ಹಿಂದಕ್ಕೆಳೆದು, ಮಗುವನ್ನು ತೋಳಿಗೆ ತೆಗೆದುಕೊಂಡ ಹಾಗೆ ತೆಗೆದುಕೊಳ್ಳಬೇಕು. ಕಾಲು ಬಿಗಿಯಾಗಿದ್ದರೆ ಚೆಂಡು ಪುಟಿದು ಎದುರಾಳಿಯ ಪಾಲಾಯಿತೆಂದೇ ಲೆಕ್ಕ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಚೆಂಡು ದಾರಿಯಲ್ಲಿರುವಾಗಲೇ ಭುಜದ ಮೇಲಿಂದ ಎರಡು ಸಲ ಹಿಂದಕ್ಕೆ ನೋಡಿ, ಸಿಕ್ಕ ಮೇಲೆ ಯಾವ ಕಡೆ ತಿರುಗಬೇಕೆಂದು ತೀರ್ಮಾನಿಸಿರಬೇಕು. ಸಿಕ್ಕ ಮೇಲೆ ಯೋಚಿಸಿದವನಿಗೆ ಚೆಂಡು ಉಳಿಯುವುದಿಲ್ಲ. ಆಟ ಕಲಿಸಿದ ಈ ಪಾಠವನ್ನು ನಾನು ಬದುಕಿಗೆ ಹೊಂದಿಸಿಕೊಳ್ಳಲಿಲ್ಲ. ಹೇಳಬೇಕೆಂದು ಬಂದಿರುವುದು ಅದನ್ನೇ.

ನಮ್ಮ ಹಿರಿಯರನ್ನು ನೆನೆಯಿರಿ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದಿದ್ದರು. 2-1ರಿಂದ ಸೋತೆವು, ಎರಡು ಪೆನಾಲ್ಟಿ ಕೈತಪ್ಪಿದವು. ಭಾರತದ ಆ ಒಂದು ಗೋಲು ಮೈಸೂರು ತಂಡದ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಮಣಿಸಿದಾಗ ಆ ಒಂದು ಗೋಲು ಹೊಡೆದವರೂ ಅವರೇ. ಕಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಜೊತೆಗೆ ಅಹ್ಮದ್ ಖಾನ್ ಸೇರಿ ಐವರನ್ನೂ ಪಂಚಪಾಂಡವರು ಎಂದು ಜನ ಕರೆದರು. 2017ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅಹ್ಮದ್ ಖಾನ್ ಅವರಿಗೆ 90 ವರ್ಷ. ಲೆಕ್ಕ ಹಾಕಿ ನೋಡಿ: ಜಗತ್ತು ಕಂಡ ಆಟ ಹತ್ತು ಹನ್ನೆರಡು ವರ್ಷದ್ದು, ಅದರ ನಂತರದ ಬಾಳು ಅರ್ಧ ಶತಮಾನಕ್ಕೂ ಮಿಕ್ಕಿದ್ದು. ಅಷ್ಟು ದೊಡ್ಡ ಆಟಗಾರರಿಗೇ ಹೀಗಿದ್ದರೆ ನಮ್ಮ ನಿಮ್ಮ ಪಾಡೇನು?

ನನ್ನ ಕಥೆ ಸಣ್ಣದು. ಇಲ್ಲಿಂದ ಬಸ್ಸು ಹತ್ತಿ ಬಂಡೀಪುರ, ಗುಂಡ್ಲುಪೇಟೆ ದಾಟಿ ಬೆಂಗಳೂರು ಸೇರಿದೆ. ಆಗ ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದ ಕಾಲ. ಬೂಟು ಬಿಚ್ಚಿಟ್ಟ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. ನನ್ನನ್ನು ಸೇರಿಸಿಕೊಂಡ ತಂಡದವರು, ಪಿಯುಸಿ ಮುಗಿಸಿದರೆ ಕೆಲಸ ಕಾಯಂ ಎಂದಿದ್ದರು. ಒಂದೇ ಒಂದು ವಿಷಯ ಬಾಕಿ ಇತ್ತು. ಬರುವ ವರ್ಷ ಕಟ್ಟಿದರಾಯಿತು ಎಂದು ನಾಲ್ಕು ಸೀಸನ್ ತಳ್ಳಿದೆ. ಐದನೆಯದರಲ್ಲಿ, ಒದ್ದೆ ಹುಲ್ಲಿನ ಮೇಲೆ ತಿರುಗುವಾಗ ಪಾದ ನಿಂತಲ್ಲೇ ನಿಂತಿತು, ಮೊಣಕಾಲು ಮಾತ್ರ ತಿರುಗಿತು. ಒಳಗೆ ಹಸಿ ಕಡ್ಡಿ ಮುರಿದಂಥ ಸದ್ದು. ನನಗಾಗ ಇಪ್ಪತ್ತಾರು.

ಊರಿಗೆ ಬಂದ ಮೇಲೂ ಐದೂವರೆಗೆ ಎಚ್ಚರವಾಗುತ್ತಿತ್ತು. ಎದ್ದು ಬ್ಯಾಗಿನಲ್ಲಿ ಕಾಲುಚೀಲ ತುಂಬಿ, ಆಮೇಲೆ ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾಗಿ ಹಾಸಿಗೆಯ ಮೇಲೆ ಕೂರುತ್ತಿದ್ದೆ. ನನ್ನ ಬೂಟಿಗೆ ಬೂಷ್ಟು ಹಿಡಿಯಬಾರದೆಂದು ಅವ್ವ ಮಳೆಗಾಲವಿಡೀ ಅದನ್ನು ಒಲೆಯ ಮಗ್ಗುಲಲ್ಲಿ ಇಟ್ಟಿರುತ್ತಿದ್ದಳು. ಯಾರೂ ತೊಡದ ಬೂಟು, ದಿನವೂ ಬೆಚ್ಚಗೆ. ಅವಳು ಒಂದು ಮಾತೂ ಆಡಲಿಲ್ಲ. ಕೊನೆಗೆ ಹಳ್ಳಿಯ ಮೇಷ್ಟ್ರೊಬ್ಬರು ಬಂದು, ಸುಮ್ಮನೆ ಕೂರಬೇಡ, ಸಂಜೆ ಹುಡುಗರಿಗೆ ಆಟ ಹೇಳಿಕೊಡು ಎಂದರು. ಮಕ್ಕಳ ಮುಂದೆ ನಿಂತ ಮೇಲೆ ನಾಚಿಕೆಯಾಯಿತು. ಮೂವತ್ತೊಂದರಲ್ಲಿ ಆ ಉಳಿದ ವಿಷಯ ಕಟ್ಟಿ ಪಾಸಾದೆ. ಸಣ್ಣದೊಂದು ಗುಮಾಸ್ತೆ ಕೆಲಸ ಸಿಕ್ಕಿತು. ಬಾಳು ನಿಂತದ್ದು ಅದರಿಂದ.

ಈಗಿನ ಕಾಲ ಬೇರೆ. ಕ್ಲಬ್ಬುಗಳು ಒಂದೆರಡು ಸೀಸನ್ನಿಗೆ ಕರಾರು ಬರೆಸಿಕೊಳ್ಳುತ್ತವೆ. ಹಣ ನಮ್ಮ ಕಾಲಕ್ಕಿಂತ ಹೆಚ್ಚು, ಭರವಸೆ ಕಡಿಮೆ. ಸಹಿ ಹಾಕುವ ಮೊದಲು ತಿಳಿದವರಿಂದ ಓದಿಸಿ. ಗಾಯವಾದರೆ ಖರ್ಚು ಯಾರದು ಎಂಬ ಸಾಲನ್ನು ಹುಡುಕಿ. ನೋವನ್ನು ಸೂಜಿಯಿಂದ ಮರೆಸಿ ಆಡಬೇಡಿ, ಆ ಸಾಲವನ್ನು ಮೊಣಕಾಲು ಬಡ್ಡಿ ಸಮೇತ ವಸೂಲು ಮಾಡುತ್ತದೆ. ಓದನ್ನು ಎಂದೂ ಬಿಡಬೇಡಿ: ರೈಲ್ವೆ, ಪೊಲೀಸ್, ಸೇನೆಯಲ್ಲಿ ಕ್ರೀಡಾ ಕೋಟಾ ಇದೆ, ಆದರೆ ಅರ್ಜಿಯ ಜೊತೆ ಅಂಕಪಟ್ಟಿಯನ್ನೂ ಕೇಳುತ್ತಾರೆ. ಪಂದ್ಯದ ಪ್ರಮಾಣಪತ್ರಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಕಾಪಾಡಿ. ನಮ್ಮ ಬೆಟ್ಟದ ತೇವಕ್ಕೆ ಕಾಗದ ಬಾಳುವುದಿಲ್ಲ. ಆಡುತ್ತಿರುವಾಗಲೇ ರೆಫ್ರಿ ಪರೀಕ್ಷೆಗೆ ಕೂರಿ, ಇಲ್ಲವೇ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ತರಬೇತುದಾರರ ಡಿ ಲೈಸೆನ್ಸ್ ಮಾಡಿಕೊಳ್ಳಿ. ಮೈದಾನ ಬಿಟ್ಟ ಮೇಲೂ ಮೈದಾನದಲ್ಲೇ ಇರಲು ಅದೊಂದು ದಾರಿ.

ಆಟ ಬಿಡಿ ಎಂದು ನಾನು ಹೇಳುತ್ತಿಲ್ಲ. ಮನಸಾರೆ ಆಡಿ. ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವು ಹತ್ತಿ ಊಟಿಗೆ ಪಂದ್ಯಕ್ಕೆ ಬರುವ ಹುಡುಗರ, ಹುಡುಗಿಯರ ಛಲ ನನಗೆ ಗೊತ್ತು. ಆ ಛಲದ ಒಂದು ಪಾಲನ್ನು ನಾಳೆಗೂ ಎತ್ತಿಡಿ ಎಂಬುದಷ್ಟೇ ನನ್ನ ಬೇಡಿಕೆ. ನಿವೃತ್ತಿಯೂ ಒಂದು ಪಾಸು. ಅದು ಬಂದೇ ಬರುತ್ತದೆ, ಎಂದು ಎಂಬುದು ಮಾತ್ರ ನಿಮ್ಮ ಕೈಯಲ್ಲಿಲ್ಲ.

ಇವತ್ತು ಸಂಜೆ ಮನೆಗೆ ಹೋಗಿ ಬೂಟಿನ ಮಣ್ಣು ತೊಳೆಯಿರಿ, ಒಲೆಯ ಹತ್ತಿರ ಒಣಗಲು ಇಡಿ. ಅದು ಒಣಗುವ ತನಕ ಪುಸ್ತಕ ತೆರೆದು ಕೂರಿ.