ಸಾಂಸ್ಕೃತಿಕ ವೈವಿಧ್ಯಕ್ಕಾಗಿ ಅಂತರರಾಷ್ಟ್ರೀಯ ನಿಧಿ

ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಸಿನಿಮಾ, ಸಂಗೀತ, ಪುಸ್ತಕ ಪ್ರಕಾಶನ, ರಂಗಭೂಮಿ, ವಿನ್ಯಾಸದಂಥ ಸಾಂಸ್ಕೃತಿಕ ಉದ್ಯಮಗಳನ್ನು ಬೆಳೆಸಲು ಯುನೆಸ್ಕೊ ನಡೆಸುವ ನಿಧಿ ಇದು. ಸಾಂಸ್ಕೃತಿಕ ಅಭಿವ್ಯಕ್ತಿಗಳ ವೈವಿಧ್ಯದ ರಕ್ಷಣೆ ಮತ್ತು ಉತ್ತೇಜನದ ಒಪ್ಪಂದದ 18ನೇ ವಿಧಿ ಇದಕ್ಕೆ ಆಧಾರ. 2005ರ ಅಕ್ಟೋಬರ್ 20ರಂದು ಪ್ಯಾರಿಸ್‌ನಲ್ಲಿ ಅಂಗೀಕಾರವಾದ ಒಪ್ಪಂದದ ಪರ 148 ಮತಗಳು ಬಿದ್ದವು. ವಿರೋಧಿಸಿದ್ದು ಅಮೆರಿಕ ಮತ್ತು ಇಸ್ರೇಲ್ ಮಾತ್ರ. ಭಾರತ 2006ರಲ್ಲಿ ಅನುಮೋದಿಸಿತು. 2007ರ ಮಾರ್ಚ್ 18ರಂದು ಒಪ್ಪಂದ ಜಾರಿಗೆ ಬಂತು.

2010ರಿಂದ ನಿಧಿಯ ನೆರವು ದೊರೆಯುತ್ತಿದೆ. ಒಂದು ಯೋಜನೆಗೆ ಗರಿಷ್ಠ 1 ಲಕ್ಷ ಡಾಲರ್. ಒಪ್ಪಂದಕ್ಕೆ ಸೇರಿದ ಅಭಿವೃದ್ಧಿಶೀಲ ದೇಶಗಳ ಸರ್ಕಾರಿ ಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳು ಅರ್ಜಿ ಹಾಕಬಹುದು. ತಜ್ಞರ ಶಿಫಾರಸನ್ನು ನೋಡಿ ಅಂತಿಮ ತೀರ್ಮಾನ ಕೈಗೊಳ್ಳುವುದು 24 ಸದಸ್ಯರ ಅಂತರಸರ್ಕಾರಿ ಸಮಿತಿ. ಸಂಸ್ಥೆಯ ನಷ್ಟ ತುಂಬಲು, ಸಾಲ ತೀರಿಸಲು ಈ ಹಣ ಸಿಗದು. ಕಲಾವಿದರ ತರಬೇತಿ, ಸಾಂಸ್ಕೃತಿಕ ನೀತಿ ರಚನೆ, ಮಾರುಕಟ್ಟೆ ಪ್ರವೇಶದಂಥ ಬಾಳುವ ಕೆಲಸಗಳಿಗೆ ಆದ್ಯತೆ.

ನಿಧಿಯ ದೊಡ್ಡ ದೌರ್ಬಲ್ಯ ಅದರ ವರಮಾನದಲ್ಲೇ ಇದೆ. ಸದಸ್ಯ ರಾಷ್ಟ್ರಗಳ ವಂತಿಗೆ ಕಡ್ಡಾಯವಲ್ಲ, ಸ್ವಯಂಪ್ರೇರಿತ. ಹೀಗಾಗಿ ಅರ್ಹ ಅರ್ಜಿಗಳಿದ್ದರೂ ಎಲ್ಲಕ್ಕೂ ಹಣ ಸಾಲುವುದಿಲ್ಲ. ಶ್ರೀಮಂತ ರಾಷ್ಟ್ರಗಳು ಇನ್ನಷ್ಟು ಕೈಬಿಚ್ಚಬೇಕಾದ ಜಾಗ ಇದು. ಅದೇ ಒಪ್ಪಂದದ 16ನೇ ವಿಧಿ, ಬಡ ದೇಶಗಳ ಕಲಾವಿದರಿಗೂ ಸಾಂಸ್ಕೃತಿಕ ಸರಕುಗಳಿಗೂ ಆದ್ಯತೆಯ ಉಪಚಾರ ನೀಡುವಂತೆ ಅಭಿವೃದ್ಧಿ ಹೊಂದಿದ ದೇಶಗಳಿಗೆ ಹೇಳುತ್ತದೆ.

ಪರೀಕ್ಷಾರ್ಥಿಗಳು ಗಮನಿಸಬೇಕಾದದ್ದು: 1972ರದು ವಿಶ್ವ ಪರಂಪರೆಯ ಒಪ್ಪಂದ, 2003ರದು ಅಮೂರ್ತ ಪರಂಪರೆಯದು, ಈ ನಿಧಿ 2005ರ ಒಪ್ಪಂದಕ್ಕೆ ಸೇರಿದ್ದು.