ಕಾರಿನ ತಂಪುಯಂತ್ರವೂ ಅದರ ಕಾವಲು ಸ್ವಿಚ್ಚುಗಳೂ



ಬೇಸಿಗೆಯಲ್ಲಿ ಕಳವಾ ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತಾಗ, ಗಾಜು ಏರಿಸಿದ ಕಾರುಗಳಲ್ಲಿ ಜನರು ತಂಪಾಗಿ ಕುಳಿತಿರುವುದನ್ನು ನೀವು ಕಂಡಿರಬಹುದು. ಆ ತಂಪು ಎಲ್ಲಿಂದ ಬರುತ್ತದೆ? ಬೆವರು ಆರುವಾಗ ಮೈಯ ಶಾಖವನ್ನು ಹೀರುತ್ತದೆಯಷ್ಟೆ. ಇಲ್ಲಿಯ ತತ್ತ್ವವೂ ಅದೇ.

ತಂಪುಯಂತ್ರದ ಕೊಳವೆಗಳಲ್ಲಿ ಶೀತಕವೆಂಬ ದ್ರವ್ಯವು ಸುತ್ತುತ್ತಿರುತ್ತದೆ. ಅನೇಕ ಕಾರುಗಳಲ್ಲಿರುವ ಆರ್-134ಎ ಎಂಬ ಶೀತಕವು ಸಾಮಾನ್ಯ ವಾಯುಭಾರದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಕೂಲಿಂಗ್ ಕಾಯಿಲಿನಲ್ಲಿ ಅದು ಆವಿಯಾಗುತ್ತ ಕಾರಿನೊಳಗಿನ ಶಾಖವನ್ನು ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಅದುಮಿ, ಮುಂಭಾಗದ ಕಂಡೆನ್ಸರಿಗೆ ನೂಕುತ್ತದೆ. ಅಲ್ಲಿ ಅದು ಶಾಖವನ್ನು ಹೊರಗಾಳಿಗೆ ಒಪ್ಪಿಸಿ ಮರಳಿ ದ್ರವವಾಗುತ್ತದೆ. ಕಂಪ್ರೆಸರನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟು. ಇವೆರಡನ್ನೂ ಕೂಡಿಸಿ ಬಿಡಿಸುವುದು ವಿದ್ಯುದಯಸ್ಕಾಂತದ ಕ್ಲಚ್ಚು. ಈ ಕ್ಲಚ್ಚಿನ ವಿದ್ಯುನ್ಮಾರ್ಗದಲ್ಲಿಯೇ ಕಾವಲು ಸ್ವಿಚ್ಚುಗಳಿರುತ್ತವೆ.

ಮೊದಲನೆಯದು ಅಧಿಕ ಒತ್ತಡದ ಸ್ವಿಚ್ಚು. ನಿಂತ ಕಾರಿನ ಕಂಡೆನ್ಸರಿಗೆ ಫ್ಯಾನಿನ ಗಾಳಿಯೇ ಆಧಾರ. ಫ್ಯಾನು ಕೆಟ್ಟರೆ ಶಾಖ ಹೊರಹೋಗದೆ ಒತ್ತಡವು ಏರುತ್ತದೆ. ಅದು ವಾಯುಭಾರದ ಸುಮಾರು 30 ಪಟ್ಟಾದಾಗ ಸ್ವಿಚ್ಚು ವಿದ್ಯುತ್ತನ್ನು ಕಡಿಯುತ್ತದೆ. ಕಂಪ್ರೆಸರು ನಿಲ್ಲುತ್ತದೆ, ಕೊಳವೆಗಳು ಉಳಿಯುತ್ತವೆ.

ಎರಡನೆಯದು ಅಲ್ಪ ಒತ್ತಡದ ಸ್ವಿಚ್ಚು. ಶೀತಕವು ಸೋರಿ ಒತ್ತಡವು ಸುಮಾರು 2 ಪಟ್ಟಿಗೆ ಇಳಿದರೆ ಇದು ಕೆಲಸ ಮಾಡುತ್ತದೆ. ಕಂಪ್ರೆಸರಿನ ಎಣ್ಣೆಯು ಶೀತಕದೊಡನೆಯೇ ಸಂಚರಿಸುವುದು. ಶೀತಕವಿಲ್ಲದಿದ್ದರೆ ಎಣ್ಣೆಯೂ ಮರಳದು. ಲೋಹಕ್ಕೆ ಲೋಹ ಉಜ್ಜಿ ಯಂತ್ರವು ಸವೆಯುವುದು.

ಮೂರನೆಯದಾದ ಥರ್ಮೋಸ್ಟಾಟು ಕೂಲಿಂಗ್ ಕಾಯಿಲಿನ ಶೈತ್ಯವನ್ನು ಗಮನಿಸುತ್ತದೆ. ಅದಿಲ್ಲದಿದ್ದರೆ ನಮ್ಮ ಕಡಲತೀರದ ತೇವವು ಕಾಯಿಲಿನ ಮೇಲೆ ಮಂಜುಗಟ್ಟಿ ಗಾಳಿಯ ದಾರಿಯನ್ನೇ ಮುಚ್ಚೀತು. ಹೊಸ ಕಾರುಗಳಲ್ಲಿ ಸಂವೇದಕಗಳೂ ಚಿಕ್ಕ ಗಣಕವೂ ಈ ಕಾವಲನ್ನು ವಹಿಸಿಕೊಂಡಿವೆ.

ನನ್ನ ನೆರೆಯವರೊಬ್ಬರು ಬಾಡಿಗೆಯ ಕಾರು ನಡೆಸಿ ಸಂಸಾರ ಸಾಗಿಸುವವರು. ಒಂದು ಬೇಸಿಗೆಯಲ್ಲಿ ಅವರ ಕಾರಿನ ತಂಪು ನಿಂತಿತು. ದುರಸ್ತಿಗೆ ಬಂದವನು, “ಸ್ವಿಚ್ಚು ಕೆಟ್ಟಿದೆ” ಎಂದು ಅದರ ಎರಡು ತಂತಿಗಳನ್ನು ನೇರವಾಗಿ ಜೋಡಿಸಿಬಿಟ್ಟ. ಕಂಪ್ರೆಸರು ತಿರುಗಿತು, ಕೂಲಿಯೂ ಸಂದಿತು. ನಾಲ್ಕನೆಯ ದಿನ ಕಂಪ್ರೆಸರು ಕರ್ಕಶವಾಗಿ ಕಿರುಚಿ ಸಿಕ್ಕಿಹಾಕಿಕೊಂಡಿತು. ಸ್ವಿಚ್ಚು ಕೆಟ್ಟಿರಲಿಲ್ಲ, ಒಂದು ಕೊಳವೆಯ ರಬ್ಬರು ಬಿರಿದು ಶೀತಕವು ಸೋರಿತ್ತು. ಅಲ್ಪ ವೆಚ್ಚದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಹೊಸ ಕಂಪ್ರೆಸರನ್ನೇ ಕೊಳ್ಳಬೇಕಾಯಿತು. ಆ ಜೂನಿನಲ್ಲಿ ಅವರ ಮಗನಿಗೆ ಹೊಸ ಪುಸ್ತಕಗಳು ಬರಲಿಲ್ಲ.

ನಿಮ್ಮಲ್ಲಿ ಕೆಲವರು ಮುಂದೆ ಯಂತ್ರಗಳನ್ನು ದುರಸ್ತಿ ಮಾಡುವವರಾಗುವಿರಿ. ಕಾವಲು ಸ್ವಿಚ್ಚೊಂದು ಯಂತ್ರವನ್ನು ನಿಲ್ಲಿಸಿದರೆ, ಅದನ್ನು ದಾಟುವ ಉಪಾಯ ಹುಡುಕಬೇಡಿರಿ. ಏಕೆ ನಿಲ್ಲಿಸಿತೆಂದು ಮೊದಲು ವಿಚಾರಿಸಿರಿ.